ಯುದ್ಧದ ಪಾಠ ಹೇಳಿದ ಸಂಜೀವಪ್ಪ ಮೇಷ್ಟ್ರು

ಹೀಬ್ರೂ ಧರ್ಮಗ್ರಂಥವನ್ನು ಮೂಲ ಭಾಷೆಯಲ್ಲೇ ಓದಿ ತಿಳಿದು, ಅದರ ಸಾರವನ್ನು ನಮ್ಮ ಸೀಮೆಯ ರೈತರಿಗೂ ರೇಷ್ಮೆ ನೂಲು ತೆಗೆಯುವವರಿಗೂ ಅವರದೇ ಕನ್ನಡದಲ್ಲಿ ಮುಟ್ಟಿಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರಾದ ಪೂಜ್ಯ ಸಂಜೀವಪ್ಪನವರು ನಂದಿ ಬೆಟ್ಟದ ಬಳಿಯ ವಿಜಯಪುರದ ಪ್ರೌಢಶಾಲೆಯ ಕನ್ನಡ ಪಂಡಿತರ ಹುದ್ದೆಯಿಂದ ಈ ೧೯೯೮ರಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯನೆಂದು ಹೇಳಿಕೊಳ್ಳುವ ಭಾಗ್ಯ ನನ್ನದು.

೧೯೮೭ರಲ್ಲಿ ಅವರು ಇಲ್ಲಿಗೆ ವರ್ಗವಾಗಿ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಆ ವರ್ಷವೇ ನನ್ನ ತಾಯಿ ತೀರಿಕೊಂಡರು. ಮಧ್ಯಾಹ್ನ ತಮ್ಮ ಬುತ್ತಿಯ ಅರ್ಧವನ್ನು ನನ್ನ ಮುಂದಿಡುತ್ತಿದ್ದ ಮೇಷ್ಟ್ರು, ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದೆ ನಮ್ಮನ್ನು ಕೂರಿಸಿಕೊಂಡು ಹಳೆಯ ಯುದ್ಧಗಳ ಕಥೆ ಹೇಳುತ್ತಿದ್ದರು. ಹಿಂದೆ ಅಟ್ಟಿಬರುವ ಶತ್ರುಗಳ ರಥಗಳು, ಮುಂದೆ ಸಮುದ್ರ, ನಡುವೆ ದೇವರನ್ನಲ್ಲದೆ ಬೇರೇನನ್ನೂ ನೆಚ್ಚಲಾಗದ ಜನ. ದಂಡಿನ ಮುಂದೆ ಹಾಡುಗಾರರನ್ನು ನಡೆಸಿ, ಕತ್ತಿ ಎತ್ತದೆಯೇ ಗೆದ್ದ ಯೆಹೂದದ ಅರಸ. ಅವರ ಮೆಲುದನಿಯಲ್ಲಿ ಆ ಮರಳುಗಾಡು ನಮ್ಮ ಕೆರೆಯಂಗಳದಾಚೆಯೇ ಇರುವಂತೆ ತೋರುತ್ತಿತ್ತು. ಆ ಸಮುದ್ರದಲ್ಲಿ ಮುಳುಗಿಹೋದ ಶತ್ರುಗಳ ಮಾತು ಬಂದಾಗ ಮಾತ್ರ, ಅವರೂ ಯಾರದೋ ಮಕ್ಕಳು ಎನ್ನುತ್ತಿದ್ದರು.

೧೯೯೩ರ ಡಿಸೆಂಬರಿನಲ್ಲಿ ಆ ಪಾಠ ನಮ್ಮ ಪಾಲಿಗೇ ಬಂತು. ಕೆರೆ ಪಕ್ಕದ ನಮ್ಮ ಚರ್ಚಿನ ಸಮಾಧಿ ಭೂಮಿ ತನ್ನದೆಂದು ಹೇಳಿ, ಸೈಟು ಮಾಡಿ ಮಾರಲು ಹೊರಟಿದ್ದ ಸಾಹುಕಾರನೊಬ್ಬ ಬೆಳಗಾಗುತ್ತಲೇ ಟ್ರಾಕ್ಟರ್ ಬಿಟ್ಟು ನೆಲ ಮಟ್ಟ ಮಾಡಿಸುವನೆಂದು ಸುದ್ದಿ ಹಬ್ಬಿತು. ಮೇಷ್ಟ್ರು ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದರು, ಉತ್ತರ ಬಂದಿರಲಿಲ್ಲ. ನಾವು ಹತ್ತು ಹನ್ನೆರಡು ಯುವಕರು ಕಲ್ಲು, ಹಾರೆ ಹಿಡಿದು ನಸುಕಿನಲ್ಲೇ ಅಲ್ಲಿ ನಿಂತೆವು. ಮೇಷ್ಟ್ರು ಬಂದು ನನ್ನೆದುರು ನಿಂತರು.

“ಹಾರೆ ಕೆಳಗಿಡಪ್ಪ. ಈ ಯುದ್ಧ ನಿಂದಲ್ಲ, ದೇವರದು.”

“ಅಮ್ಮ ಮಲಗವ್ರೆ ಸಾರ್ ಇಲ್ಲಿ.”

“ಗೊತ್ತು ಕಣಪ್ಪ. ಅವರ ಮುಂದೆ ರಕ್ತ ಚೆಲ್ಲಬೇಡ. ನಿಂತ್ಕೊಂಡು ಹಾಡು.”

ಹಾರೆ ಇಟ್ಟೆ, ಸಿಟ್ಟು ಇಳಿದಿರಲಿಲ್ಲ. ಎಲ್ಲರೂ ಹಾಡತೊಡಗಿದೆವು. ಅಷ್ಟರಲ್ಲಿ ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಕೆರೆ, ಏರಿ, ಶಿಲುಬೆಗಳು, ಪಕ್ಕದವರ ಮುಖ ಎಲ್ಲವನ್ನೂ ನುಂಗಿತು. ನಮ್ಮ ದನಿಗಳೇ ಬೇರೆ ಯಾರದೋ ಎಂಬಂತೆ ಆ ಬಿಳುಪಿನೊಳಗೆ ತೇಲುತ್ತಿದ್ದವು. ಟ್ರಾಕ್ಟರಿನ ಸದ್ದು ಹತ್ತಿರವಾಯಿತು, ಅಡ್ಡ ತಿರುಗಿತು, ನಿಂತುಹೋಯಿತು. ಆಮೇಲೆ ಒಬ್ಬ ಮನುಷ್ಯ ನರಳುವುದು ಕೇಳಿಸಿತು.

ಮೊದಲು ಓಡಿದವರು ಮೇಷ್ಟ್ರು. ಕೆರೆಯ ಕೆಸರಿಗಿಳಿದು ಟ್ರಾಕ್ಟರ್ ವಾಲಿತ್ತು. ಚಾಲಕ ಪಿಳ್ಳಣ್ಣನ ಕಾಲು ಗಾಲಿಯಡಿ ಸಿಕ್ಕಿತ್ತು. ಹೊಡೆಯಲೆಂದು ತಂದಿದ್ದ ಹಾರೆಗಳಿಂದಲೇ ಗಾಲಿ ಮೀಟಿ ಅವನನ್ನು ಎಳೆದುಕೊಂಡೆವು. ಕೆಸರಲ್ಲೇ ಕುಳಿತ ಪಿಳ್ಳಣ್ಣ ಮೇಷ್ಟ್ರ ಕೈ ಬಿಡಲಿಲ್ಲ.

“ಏನೂ ಕಾಣ್ತಿರ್ಲಿಲ್ಲ ಸ್ವಾಮಿ, ಹಾಡು ಕೇಳ್ತು. ಜನ ಅವ್ರೆ ಅಂತ ಪಕ್ಕಕ್ಕೆ ತಿರುಗಿಸ್ಬಿಟ್ಟೆ.”

ಸಾಹುಕಾರ ಹೇಳಿಕಳಿಸಿದರೂ ಪಿಳ್ಳಣ್ಣ ಮತ್ತೆ ಹೋಗಲಿಲ್ಲ. ವಾರದೊಳಗೆ ತಹಸೀಲ್ದಾರರ ತಡೆಯಾಜ್ಞೆ ಬಂತು. ಅಳತೆಯಲ್ಲಿ ಭೂಮಿ ನಮ್ಮದೇ ಎಂದು ಖಚಿತವಾಯಿತು. ಮಂಜನ್ನು ದೇವರೇ ಕಳಿಸಿದನೇ ಎಂದು ಒಮ್ಮೆ ಮೇಷ್ಟ್ರನ್ನು ಕೇಳಿದೆ.

“ಮಂಜು ಪ್ರತಿ ವರ್ಷ ಬರ್ತದಪ್ಪ. ಪಿಳ್ಳಣ್ಣ ತಿರುಗಿಸಿದ್ನಲ್ಲ, ದೇವರನ್ನ ಅಲ್ಲಿ ನೋಡು” ಎಂದರು.

ಪಿಳ್ಳಣ್ಣ ಈಗಲೂ ಕ್ರಿಸ್‌ಮಸ್ಸಿಗೆ ಅವರ ಮನೆಗೆ ಅವರೆಕಾಯಿ ತರುತ್ತಾನೆ. ಆ ಬೆಳಗ್ಗೆ ಮೇಷ್ಟ್ರು ಬಾರದಿದ್ದರೆ ನಾನು ಅವನ ತಲೆ ಒಡೆಯುತ್ತಿದ್ದೆ. ಬೆದರಿಸುವುದಕ್ಕಷ್ಟೇ ನಿಂತಿದ್ದೆನೆಂದು ಇದುವರೆಗೂ ಮೇಷ್ಟ್ರಿಗೆ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಪೂಜ್ಯರು ಕೈಗೆತ್ತಿಕೊಂಡಿರುವ ಹೀಬ್ರೂ ಕೀರ್ತನೆಗಳ ಕನ್ನಡ ಅನುವಾದ ಸಾಂಗವಾಗಿ ಮುಗಿಯಲಿ, ಅವರ ಕಣ್ಣಿನ ಬೆಳಕು ಕುಂದದಿರಲಿ. ಇದನ್ನು ಓದಿದ ಮೇಲೆ ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಳ್ಳುವರೆಂದು ಬಲ್ಲೆ. ಹಾಗೆ ಕರೆಸಿಕೊಳ್ಳಲು ದೇವರು ಅವರಿಗೆ ಇನ್ನೂ ಬಹುಕಾಲ ಆಯುಸ್ಸು ಕೊಡಲಿ.