ಒಂದೇ ತಂತಿಯ ಪಿಟೀಲಿಗೆ ನಮಸ್ಕಾರ

ಎಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂದೂ ಎಂದಿನಂತೆ ಡಿಕಾಕ್ಷನ್ ಇಳಿಯಲು ಬಿಟ್ಟು, ಮಗಳಿಗೆ ಎರಡು ಜಡೆ ಹಾಕುತ್ತ ಕೂತಿದ್ದೆ. ಅವಳ ತರಗತಿಯವರನ್ನು ಸಿಟಿಯ ಮ್ಯೂಸಿಯಮ್ಮಿಗೆ ಕರೆದೊಯ್ಯುವ ದಿನ. ಮಕ್ಕಳನ್ನು ನೋಡಿಕೊಳ್ಳಲು ನಾನೂ ಹೋಗುವುದಿತ್ತು.

"ಅಮ್ಮಾ, ಪ್ಲೀಸ್, ಅಲ್ಲಿ ಎಂಬರಾಸ್ ಮಾಡ್ಬೇಡ."

"ನಾನೇನೇ ಮಾಡ್ತೀನಿ?"

"ಏನೂ ಮಾಡ್ಬೇಡ. ಅಷ್ಟೆ."

ಆಗಲಿ ಎಂದೆ. ಮುಂದಿನ ಸಲವೂ ಅವಳು ನನ್ನನ್ನು ಕರೆಯಲಿ ಎಂಬ ಆಸೆ.

ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಪಶ್ಚಿಮ ಆಫ್ರಿಕಾದ ಹಳೆಯ ಪಿಟೀಲೊಂದಿತ್ತು. ಅರ್ಧ ಸೋರೆ ಬುರುಡೆಗೆ ಉಡದ ಚರ್ಮ ಬಿಗಿದು, ಕುದುರೆ ಬಾಲದ ಕೂದಲನ್ನೇ ಒಂದೇ ತಂತಿಯಾಗಿ ಎಳೆದಿದ್ದರು. ಕಮಾನು ಬಿಲ್ಲಿನಂತೆ ಬಾಗಿತ್ತು. ಅದನ್ನು ಹಿಡಿಯುವ ಕಡೆ ಕೋಲು ನುಣುಪಾಗಿ ಹೊಳೆಯುತ್ತಿತ್ತು; ಯಾರದೋ ಹೆಬ್ಬೆರಳು ವರ್ಷಗಟ್ಟಲೆ ಅಲ್ಲೇ ಕೂತಿರಬೇಕು. ಮಕ್ಕಳು ಮುಟ್ಟಿ ನೋಡಲೆಂದು ಅಂಥದೇ ಹೊಸದೊಂದನ್ನು ಗೈಡ್ ಹೆಂಗಸು ನುಡಿಸಿ ತೋರಿಸಿ, ಚಾಪೆಯ ಮೇಲಿಟ್ಟಳು. ಅದರ ಸ್ವರ ತುಸು ಒರಟು, ಆದರೆ ಹಿತ. ನೆಗಡಿಯಾದವರು ಹಾಡಿದ ಹಾಗೆ.

ಸರದಿಯಲ್ಲಿ ಮುಂದೆ ಬಂದ ಮಗಳ ಕಾಲು ಬುರುಡೆಗೆ ತಾಗಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳ ಎದುರೇ, ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಬಾಯಿ ಸುಮ್ಮನಿರಲಿಲ್ಲ.

"ಪುಟ್ಟಿ, ಮುಟ್ಟಿ ಕಣ್ಣಿಗೊತ್ಕೋ."

ಅವಳ ಕಿವಿ ಕೆಂಪಾಯಿತು. ಆದರೂ ಬಗ್ಗಿ ಒತ್ತಿಕೊಂಡಳು. ಹಿಂದೆ ನಿಂತಿದ್ದವಳು ನಮ್ಮ ಪಕ್ಕದ ಮನೆಯ ಅಮೆರಿಕನ್ ಹುಡುಗಿ. ಇದು ಆಫ್ರಿಕಾದ ಪದ್ಧತಿಯೆಂದೇ ತಿಳಿದು ಅವಳೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಹಿಂದಿನವನು, ಅವನನ್ನು ನೋಡಿ ಇನ್ನೊಬ್ಬಳು. ಹೀಗೆ ಇಡೀ ತರಗತಿ ಆ ಪಿಟೀಲಿಗೆ ನಮಸ್ಕಾರ ಮಾಡಿತು.

"ಅಲ್ಲಿಯ ರೂಢಿಯೇನಲ್ಲ ಇದು. ಆದರೆ ವಾದ್ಯ ಬೇಡ ಅನ್ನಲ್ಲ ಬಿಡಿ," ಎಂದು ಗೈಡ್ ನನಗೆ ಮೆಲ್ಲಗೆ ಹೇಳಿ ನಕ್ಕಳು.

ವಾಪಸು ಬರುವಾಗ ಮಗಳು ಬಸ್ಸಿನ ಹಿಂದಿನ ಸೀಟಿಗೆ ಹೋಗಿ ಕೂತಳು. ಫ್ರೀವೇ ಉದ್ದಕ್ಕೂ ನನ್ನ ಕಡೆ ತಿರುಗಲಿಲ್ಲ. ಇನ್ನು ಇವಳು ನನ್ನನ್ನು ಕರೆದ ಹಾಗೇ, ಎಂದುಕೊಂಡೆ.

ಸಂಜೆ ಲಾಂಡ್ರಿ ರೂಮಿನಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಆ ಪಕ್ಕದ ಮನೆ ಹುಡುಗಿಯ ತಾಯಿ ಬಂದಳು. ಡ್ರೈಯರಿನಿಂದ ಟವೆಲು ಎಳೆಯುತ್ತಲೇ ಹೇಳಿದಳು:

"ನಮ್ಮವಳು ನಾಯಿ ಬಾಲ ತುಳಿದು, ಆಮೇಲೆ ಅದನ್ನ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾಯಿಗೂ ಮಾಡ್ಬೇಕಾ ಅಂತ, ಆಡೋಕೆ ಬಂದಿದ್ದ ನಿನ್ನ ಮಗಳನ್ನ ಕೇಳಿದೆ. ‘ಅದೆಲ್ಲ ನಮ್ಮಮ್ಮಂಗೆ ಗೊತ್ತು, ಮುಂದಿನ ಟ್ರಿಪ್ಪಿಗೂ ಅವಳೇ ಬರ್ತಾಳೆ' ಅಂದಳು."