ಅಕ್ಕನ ಆಟಕ್ಕೆ ತಮ್ಮನ ಕತ್ತಲೆ

ಕುರ್ಚಿ ಮೇಜು ಮಾರುವ ಅಂಗಡಿಯ ಮಹಡಿಯಲ್ಲಿ ಎಂಬತ್ತು ಜನ ಹಿಡಿಸುವ ರಂಗಮಂದಿರವೊಂದಿತ್ತು. ಈಗ ಅಲ್ಲಿ ಹಾಸಿಗೆ ಪೇರಿಸಿಟ್ಟಿದ್ದಾರೆ, ಹೋಗಲಿ ಬಿಡಿ. ಆಗ ಪ್ರತಿ ಭಾನುವಾರ ಸಂಜೆ ಅಲ್ಲಿ ನಗೆನಾಟಕ. ಬರೆದಿಟ್ಟದ್ದಲ್ಲ. ಜನ ಒಂದು ಮಾತು ಕೂಗಬೇಕು, ಆಟಗಾರರು ಅದನ್ನೇ ಹಿಡಿದು ನಿಂತ ಕಾಲಲ್ಲೇ ಕಥೆ ಕಟ್ಟಬೇಕು. ಯಾರೋ "ಹಲ್ಲುನೋವು" ಎಂದರೆ ಮುಗಿಯಿತು, ಇನ್ನು ಹತ್ತು ನಿಮಿಷ ಹಲ್ಲಿನದೇ ಕಾರುಬಾರು.

ಬರೆಯದ ನಾಟಕಕ್ಕೆ ಕೊನೆ ಎಲ್ಲಿ? ಅದನ್ನು ತೀರ್ಮಾನಿಸುತ್ತಿದ್ದವನು ಹಿಂದಿನ ಗೂಡಿನಲ್ಲಿ ದೀಪದ ಸ್ವಿಚ್ಚು ಹಿಡಿದು ಕೂರುತ್ತಿದ್ದ ತಮ್ಮ. ಅಕ್ಕ ಹಾಗೆ ಕರೆಯುತ್ತಿದ್ದಳೆಂದು, ತಲೆ ಬೋಳಾದ ಮೇಲೂ ಇಡೀ ತಂಡಕ್ಕೆ ಅವನು ತಮ್ಮನೇ. ವಾರವೆಲ್ಲ ಮಿಕ್ಸಿ, ಫ್ಯಾನು ರಿಪೇರಿ. ಭಾನುವಾರ ಈ ಹುಚ್ಚು. ನಗು ಏರಿ ಏರಿ ನೆತ್ತಿ ಮುಟ್ಟಿದ ಕ್ಷಣಕ್ಕೇ ದೀಪ ಆರಿಸಬೇಕು, ಚೂರು ತಡವಾದರೂ ದೃಶ್ಯ ಕೆಟ್ಟಂತೆ. ಯಾರೂ ಹೇಳಿಕೊಟ್ಟದ್ದಲ್ಲ, ಇಪ್ಪತ್ತೆಂಟು ವರ್ಷ ಕಿವಿಯಿಂದ ಕಲಿತದ್ದು.

ಅವನನ್ನು ಅಲ್ಲಿಗೆ ಎಳೆದು ತಂದವಳೇ ಅಕ್ಕ. ಶಾಲೆಯಲ್ಲಿ ಲೆಕ್ಕದ ಟೀಚರ್, ಮಕ್ಕಳು ಕಂಡರೆ ನಡುಗುತ್ತಿದ್ದರು. ರಂಗಕ್ಕೆ ಬಂದಳೋ, ಗಂಟುಮೋರೆಯವರೂ ಹೊಟ್ಟೆ ಹಿಡಿದುಕೊಳ್ಳಬೇಕು. ಎಂಥ ಹೆಂಗಸು ಅಂತೀರಿ! ಒಮ್ಮೆ ಯಾರೋ "ಛತ್ರಿ" ಎಂದದ್ದಕ್ಕೆ, ಮುಚ್ಚಲು ಬಾರದ ಛತ್ರಿ ಹಿಡಿದು ಬಸ್ಸು ಹತ್ತಿದವಳಂತೆ ಏಳು ನಿಮಿಷ ಒದ್ದಾಡಿದಳು. ಕೈಯಲ್ಲಿ ಛತ್ರಿಯೇ ಇರಲಿಲ್ಲ. ಆದರೂ ಮುಂದಿನ ಸಾಲಿನವರು ಕಣ್ಣಿಗೆ ಚುಚ್ಚೀತೆಂದು ತಲೆ ತಗ್ಗಿಸಿದ್ದರು! ಅದನ್ನು ನೆನೆದರೆ ತಮ್ಮನಿಗೆ ತನ್ನ ರಿಪೇರಿ ಅಂಗಡಿಯಲ್ಲಿ ಒಬ್ಬನೇ ಕೂತಾಗಲೂ ನಗು ಬರುತ್ತದೆ.

ಅರವತ್ತೆಂಟಕ್ಕೆ ಅಕ್ಕನಿಗೆ ಮರೆವು ಶುರುವಾಯಿತು. ಆಡುತ್ತಾ ಆಡುತ್ತಾ ತಾನು ಯಾರೆಂಬುದೇ ತಪ್ಪಿಹೋಗುವುದು. ಅವಳ ಕಣ್ಣು ಅತ್ತಿತ್ತ ತಡಕಾಡಿದ ಕೂಡಲೇ ತಮ್ಮನ ಕೈ ಸ್ವಿಚ್ಚಿಗೆ ಹೋಗುವುದು. ಕತ್ತಲೆ. ಜನ ಏನೂ ತಿಳಿಯದೆ ಚಪ್ಪಾಳೆ ತಟ್ಟುವರು. ಹೀಗೆ ಎಂಟು ತಿಂಗಳು ಅಕ್ಕನ ಮಾನ ಕಾಪಾಡಿದೆ ಎಂದುಕೊಂಡಿದ್ದ, ಪುಣ್ಯಾತ್ಮ.

ಅವಳಿಗೆ ಬಂದದ್ದು ಮರೆವು, ದಡ್ಡತನವಲ್ಲವಲ್ಲ. ಒಂದು ಭಾನುವಾರ ಆಟಕ್ಕೆ ಮುಂಚೆ ಗೂಡಿಗೇ ಬಂದು ನಿಂತಳು.

"ಏನೋ, ನನ್ನ ಆಟಾನೆಲ್ಲ ಅರ್ಧಕ್ಕೇ ಕತ್ತರಿಸ್ತಿದ್ದೀಯ?"

"ನೀನು ಮಧ್ಯೆ ನಿಂತ್ಬಿಡ್ತೀಯ ಅಕ್ಕಾ. ಯಾರಾದ್ರೂ ಆಡ್ಕೊಂಡ್ರೆ ನಂಗೆ ತಡ್ಕೊಳ್ಳಕ್ಕಾಗಲ್ಲ."

"ನಿಂತ್ರೆ ನಿಲ್ತೀನಿ. ಅಲ್ಲಿಂದ ದಾರಿ ಹುಡ್ಕೋದೇ ಕಣೋ ಆಟ! ಇವತ್ತು ನಾನು ಕೈ ಎತ್ತಿದ್ಮೇಲೇ ಆರಿಸು. ಮುಂಚೆ ಆರಿಸಿದ್ಯೋ, ಇನ್ಯಾವತ್ತೂ ಇಲ್ಲಿಗೆ ಬರಲ್ಲ."

ಆ ದಿನ ಜನ ಕೂಗಿದ್ದು "ಕಳೆದ ಬೀಗದ ಕೈ". ಜೊತೆಗೆ ಆಡುತ್ತಿದ್ದವನು ಅಂಚೆ ಕಚೇರಿಯ ಗುಮಾಸ್ತ. ಸಣಕಲನಾದ್ದರಿಂದ ಎಲ್ಲರೂ ಕರೆಯುತ್ತಿದ್ದುದು ಕಡ್ಡಿ ಎಂದೇ. ಮನೆ ಬಾಗಿಲಲ್ಲಿ ಗಂಡ ಹೆಂಡತಿಯ ಜಗಳ ಚೆನ್ನಾಗಿಯೇ ನಡೆದಿತ್ತು. ಇದ್ದಕ್ಕಿದ್ದಂತೆ ಅಕ್ಕ ನಿಂತುಬಿಟ್ಟಳು. ಯಾರೋ ಕೆಮ್ಮಿದರು. ಕುರ್ಚಿಯೊಂದು ಕಿರುಗುಟ್ಟಿತು. ಆರಿಸಿದರೆ ಅವಳು ಮತ್ತೆ ಬರುವುದಿಲ್ಲ. ಆರಿಸದಿದ್ದರೆ ಅಷ್ಟು ಜನರೆದುರು ಅವಳ ಗತಿ? ಬಲಗೈಯನ್ನು ತೊಡೆಯ ಕೆಳಗೆ ತುರುಕಿ ತಮ್ಮ ಅದರ ಮೇಲೇ ಕೂತ.

ಅಕ್ಕ ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪು ತಿಳ್ಕೋಬೇಡಿ, ನೀವ್ಯಾರು ಅಂತ ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ."

ಕಡ್ಡಿ ಬೆವೆತುಹೋದ. "ನಿನ್ನ ಗಂಡ ಕಣೇ!"

"ಅಯ್ಯೋ! ಇವರನ್ನ ನಾನೇ ನೋಡಿ ಒಪ್ಪಿದ್ನಾ?"

ಮಂದಿರ ಬಿರಿಯುವಂತೆ ಜನ ನಕ್ಕರು. ಅಷ್ಟು ವರ್ಷಗಳಲ್ಲಿ ಅಂಥ ನಗುವನ್ನು ತಮ್ಮ ಕೇಳಿರಲಿಲ್ಲ. ಆರಿಸುವ ಹೊತ್ತು ಅದೇ. ಆದರೆ ಅಕ್ಕನ ಕೈ ಮೇಲೇಳಲಿಲ್ಲ. ನಗು ಇಳಿಯಿತು, ಜನ ಕಣ್ಣೊರೆಸಿಕೊಂಡರು, ಪೂರ್ತಿ ನಿಶ್ಶಬ್ದವಾಯಿತು. ದೀಪ ಉರಿಯುತ್ತಲೇ ಇತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಗೂಡಿನ ಕಡೆ ತಿರುಗಿದಳು. "ಲೋ ತಮ್ಮಾ, ನಿದ್ದೆ ಹೋದ್ಯಾ? ಇಷ್ಟು ವರ್ಷ ಆಯ್ತು, ಯಾವಾಗ ಆರಿಸ್ಬೇಕು ಅಂತ ನಾನು ಹೇಳ್ಬೇಕಾ?"

ಜನ ಮತ್ತೆ ಘೊಳ್ಳೆಂದರು. ಕೈ ಎತ್ತುತ್ತೇನೆ ಎಂದದ್ದನ್ನೇ ಅವಳು ಮರೆತಿದ್ದಳು. ತಮ್ಮನಿಗೆ ಕಣ್ಣು ಮಂಜಾಗಿ ಸ್ವಿಚ್ಚೇ ಕಾಣಿಸಲಿಲ್ಲ.

"ತಪ್ಪಾಯ್ತು ಅಕ್ಕಾ," ಎಂದು ಗೂಡಿನಿಂದಲೇ ಕೂಗಿ, ತಡಕಿ ಆರಿಸಿದ.