ಮೊಟ್ಟೆಯಮ್ಮನ ಎರಡು ಕನ್ನಡಕ

ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಒಳಗೆ, ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ, ಆಕೆ ದೀಪ ಆರಿಸಿಕೊಂಡು ಕೂತಿದ್ದಾರೆ. ಮುಂದೆ ಒಂದು ತಗಡಿನ ಡಬ್ಬಿ, ಅದರೊಳಗೊಂದು ಬಲ್ಬು, ಡಬ್ಬಿಯ ನೆತ್ತಿಯಲ್ಲಿ ನಾಣ್ಯದಗಲದ ತೂತು. ಕಾವುಪೆಟ್ಟಿಗೆಯಿಂದ ತೆಗೆದ ಬೆಚ್ಚನೆಯ ಮೊಟ್ಟೆಯನ್ನು ಆ ತೂತಿನ ಮೇಲಿಟ್ಟು ಬೆರಳ ತುದಿಯಲ್ಲಿ ತಿರುಗಿಸುತ್ತಾರೆ. ಬಿಳಿ ಚಿಪ್ಪು ಕೆಂಪಗೆ ಬೆಳಗುತ್ತದೆ. ಒಳಗೆ ಎಳೆಎಳೆಯಾಗಿ ಹರಡಿದ ರಕ್ತನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಮಿಸುಕುತ್ತದೆ. "ಇದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಮುಂದಿನದು. "ಇದೆ." ಅದರ ಮುಂದಿನದು ಮಿಸುಕುವುದಿಲ್ಲ. ಇನ್ನೊಮ್ಮೆ ತಿರುಗಿಸಿ, ಕಾದು, ಪಕ್ಕದ ಬುಟ್ಟಿಗೆ ಹಾಕುತ್ತಾರೆ.

ಇವತ್ತು ಕೈ ಎಂದಿನಂತೆ ಓಡುತ್ತಿಲ್ಲ. ನೋಡಿಟ್ಟ ಮೊಟ್ಟೆಯನ್ನೇ ಮತ್ತೆ ಎತ್ತುತ್ತಾರೆ. ಸುಮ್ಮಸುಮ್ಮನೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತಾರೆ. ಮೇಲಿನ ಮಹಡಿಯಿಂದ ಮಧ್ಯಾಹ್ನದೊಳಗೆ ಒಂದು ಉತ್ತರ ಬರಬೇಕಿದೆ. ತಂಗಿಯ ಕೋಳಿಗಳನ್ನು ಬಲಿ ತೆಗೆದುಕೊಂಡ ವೈರಸ್ಸು ಈ ಕಟ್ಟಡದಿಂದಲೇ, ಇವರ ಮೂಗಿನ ಮೇಲೆ ಸವಾರಿ ಮಾಡಿಕೊಂಡು ಹೋದದ್ದೋ, ಅಲ್ಲವೋ?

ಹಕ್ಕಿಜ್ವರದ ವೈರಸ್ಸು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂದು ಹುಡುಕುವ ಪ್ರಯೋಗಾಲಯ ಇದು. ವೈರಸ್ಸು ತಾನೇ ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಆಸರೆ ಬೇಕು. ಹತ್ತು ದಿನ ಕಾವು ಕೊಟ್ಟ ಮೊಟ್ಟೆ ಅಂಥ ಆಸರೆ. ಯಾವ ಮೊಟ್ಟೆಯಲ್ಲಿ ಜೀವವಿದೆ, ನಾಳಕ್ಕೆ ತಾಗದಂತೆ ವೈರಸ್ಸಿನ ಸೂಜಿ ಎಲ್ಲಿ ಇಳಿಸಬೇಕು ಎಂದು ನೋಡಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು ಈಕೆಯ ಕೆಲಸ. ಸೂಜಿ ಹಾಕಿದ ಮೇಲೂ ಅವನ್ನಿಟ್ಟ ವೈರಸ್ಸಿನ ಕೋಣೆಗೆ ಹೋಗಿ ದಿನಾ ನೋಡಬೇಕು. ಮಾರನೆಯ ದಿನವೇ ಸತ್ತರೆ ತಪ್ಪು ಸೂಜಿಯದು. ಆಮೇಲೆ ಸತ್ತರೆ ವೈರಸ್ಸಿನ ಮೇಲೆ ಅನುಮಾನ. ತಿಂಡಿಯ ಹೊತ್ತಿಗೆ ಮುನ್ನೂರು ಮೊಟ್ಟೆ ಈ ಕಣ್ಣೆದುರು ಹಾದುಹೋಗಿರುತ್ತವೆ. ಇಲ್ಲಿನ ಹುಡುಗರು ಇಟ್ಟ ಹೆಸರು ಮೊಟ್ಟೆಯಮ್ಮ. ಹೊಲಿಗೆ ಕೆಲಸದ ಗಂಡ ತಮಾಷೆ ಮಾಡುತ್ತಾರಂತೆ, ಇವಳು ಆಮ್ಲೆಟ್ ಮಾಡುವಾಗಲೂ ಮೊಟ್ಟೆಯನ್ನು ಒಮ್ಮೆ ದೀಪಕ್ಕೆ ಹಿಡಿಯದೆ ಒಡೆಯುವವಳಲ್ಲ ಎಂದು.

ಈ ಕೆಲಸಕ್ಕೊಂದು ಕಟ್ಟುಪಾಡಿದೆ. ವೈರಸ್ಸಿನ ಕೋಣೆಗೆ ಹೋದವರು ಐದು ದಿನ ಯಾವ ಹಕ್ಕಿಯ ಹತ್ತಿರವೂ ಸುಳಿಯಬಾರದು. ಮನೆಯಲ್ಲಿ ಗಿಳಿ ಸಾಕುವಂತಿಲ್ಲ, ಕೋಳಿ ಅಂಗಡಿಯ ಮುಂದೆ ನಿಲ್ಲುವಂತಿಲ್ಲ. ಒಡಹುಟ್ಟಿದ ತಂಗಿ ಊರಂಚಿನಲ್ಲಿ ಕೋಳಿ ಸಾಕಿ ಜೀವನ ಮಾಡುತ್ತಾಳೆ. ಕಾವುಪೆಟ್ಟಿಗೆಗೆ ಭಾನುವಾರವೆಂದರೆ ಏನು ಗೊತ್ತು? ಐದು ದಿನ ಒಟ್ಟಿಗೆ ಬಿಡುವು ಸಿಕ್ಕಿದ್ದೇ ಇಲ್ಲ. ತಂಗಿ ಅಲ್ಲಿ ಮನೆ ಕಟ್ಟಿಸಿದ ಮೇಲೆ ಅಕ್ಕ ಒಳಗೆ ಕಾಲಿಟ್ಟಿಲ್ಲ. ಗೇಟಿನ ಆಚೆ ತಂಗಿ, ಈಚೆ ರಸ್ತೆಯಲ್ಲಿ ಅಕ್ಕ, ಸುಖದುಃಖವೆಲ್ಲ ಹೀಗೇ. ದಾರಿಹೋಕರು ಜಗಳ ಅಂದುಕೊಂಡು ಒಂದು ಗಳಿಗೆ ನಿಂತು ಹೋಗುತ್ತಾರೆ.

ಹೋದ ತಿಂಗಳು ಆ ಕಟ್ಟು ಮುರಿಯಿತು. ತಂಗಿ ಸ್ಟೂಲಿನಿಂದ ಬಿದ್ದು ತಲೆ ಒಡೆದುಕೊಂಡಳು, ರಕ್ತ ನಿಲ್ಲುತ್ತಿಲ್ಲ ಎಂದು ಪಕ್ಕದ ಮನೆಯವರ ಫೋನು. ಮೊಟ್ಟೆಯಮ್ಮ ಆಗಷ್ಟೇ ವೈರಸ್ಸಿನ ಕೋಣೆಯಿಂದ ಹೊರಬಂದಿದ್ದರು. ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಚಪ್ಪಲಿ ಬದಲಿಸಿ ಓಡಿದರು. ಜಗಲಿಯಲ್ಲೇ ಕೂತು ತಂಗಿಯ ತಲೆ ಒತ್ತಿಹಿಡಿದರು. ಕೋಳಿಗೂಡಿನತ್ತ ತಲೆಯೂ ಹಾಕಲಿಲ್ಲ. ಆದರೆ ಕೋಳಿಗಳು ಅಂಗಳದ ತುಂಬ ಓಡಾಡಿಕೊಂಡಿದ್ದವು. ತಂಗಿಯನ್ನು ಆಸ್ಪತ್ರೆಗೆ ಸೇರಿಸಿ ಮನೆಗೆ ಬಂದು ಕನ್ನಡಿ ನೋಡಿಕೊಂಡರು. ಅವರಿಗೆ ಕನ್ನಡಕ ಎರಡು. ಮನೆಯದು ಕಪ್ಪು. ಪ್ರಯೋಗಾಲಯದ್ದರ ಕಡ್ಡಿಗೆ ಕೆಂಪು ದಾರ ಸುತ್ತಿದೆ, ಅದು ಅಲ್ಲಿನ ಕಪಾಟು ಬಿಟ್ಟು ಬರಕೂಡದು. ಕನ್ನಡಿಯಲ್ಲಿ ಕಂಡದ್ದು ಕೆಂಪು ದಾರ.

"ಆಚೆ ಬರೋ ಮುಂಚೆ ಔಷಧಿ ನೀರಲ್ಲಿ ಒರೆಸ್ತೀನಿ, ದಿನಾ ಒರೆಸ್ತೀನಿ," ಎನ್ನುತ್ತಾರೆ. "ಅವತ್ತು ಒರೆಸಿದ್ನಾ ಇಲ್ವಾ, ಅದೇ ನೆನಪಿಗೆ ಬರ್ತಿಲ್ಲ. ದಿನಾ ಮಾಡೋ ಕೆಲಸ ಕೈ ಮಾಡಿಬಿಡುತ್ತೆ, ತಲೆಗೆ ಹೇಳೋದೇ ಇಲ್ಲ."

ಬೆಳಗಾಗುತ್ತಲೇ ಮುಖ್ಯ ವಿಜ್ಞಾನಿ ಮೇಡಂ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಹೋಗಿದ್ದರಂತೆ. ಮೇಡಂ ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ವೈರಸ್ಸಿನ ಕೋಣೆಗೆ ಸದ್ಯ ಹೋಗಬೇಡಿ, ಹೊಸ ಮೊಟ್ಟೆ ಮಾತ್ರ ನೋಡಿ ಎಂದರು. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ತಂಗಿಯ ಕೋಳಿಗಳು ಒಂದೊಂದಾಗಿ ತಲೆ ಜೋತುಹಾಕಿ ಕೂತವು. ಪರೀಕ್ಷೆಯಲ್ಲಿ ಹಕ್ಕಿಜ್ವರವೆಂದು ತಿಳಿಯಿತು. ಅಡಿಯಿಂದ ಮುಡಿವರೆಗೆ ಬಿಳಿ ಉಡುಪು ತೊಟ್ಟವರು ಬಂದು, ಉಳಿದ ಕೋಳಿಗಳನ್ನೂ ಕೊಂದು ಹೂತು, ಅಂಗಳಕ್ಕೆಲ್ಲ ಸುಣ್ಣ ಚೆಲ್ಲಿ, ಗೇಟಿಗೆ ಯಾರೂ ಒಳಗೆ ಬರಬಾರದೆಂಬ ಫಲಕ ತೂಗುಹಾಕಿ ಹೋದರು.

ಕನ್ನಡಕದ ಕಥೆಯನ್ನು ಅಕ್ಕ ಗೇಟಿನ ಹೊರಗೆ ನಿಂತು ತಂಗಿಗೂ ಹೇಳಿದರು. ತಂಗಿ ಎಲ್ಲ ಕೇಳಿಸಿಕೊಂಡು ಒಂದೇ ಮಾತಂದಳು: "ನೀನು ತಂದಿದ್ದಾ ಅಲ್ವಾ ಅಂತ ಗೊತ್ತಾದ್ಮೇಲೆ ಬಂದು ಹೇಳು. ಅಲ್ಲೀತನಕ ಬರಬೇಡ." ಅವತ್ತಿನಿಂದ ತಂಗಿ ಗೇಟಿನ ಬಳಿ ಬಂದಿಲ್ಲ, ಫೋನು ಎತ್ತಿಲ್ಲ.

ಸತ್ತ ಕೋಳಿಯಲ್ಲಿ ಸಿಕ್ಕ ವೈರಸ್ಸಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿ, ಇಲ್ಲಿನ ಕೋಣೆಯಲ್ಲಿ ಬೆಳೆಸುವ ವೈರಸ್ಸಿನೊಂದಿಗೆ ಹೋಲಿಸಿ ನೋಡುವುದಕ್ಕೆ ಇಷ್ಟು ದಿನ ಹಿಡಿದಿದೆ. ಇವತ್ತು ಮಧ್ಯಾಹ್ನವಾಗುತ್ತ ಬಂದರೂ ಊಟದ ಡಬ್ಬಿ ಬಿಚ್ಚದೆ ಹಾಗೇ ಇದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಮೊಟ್ಟೆಯಮ್ಮ ಎದ್ದು ನಿಲ್ಲುತ್ತಾರೆ, ಯಾರೋ ನೀರು ಕುಡಿಯಲು ಬಂದವರು, ಮತ್ತೆ ಕೂರುತ್ತಾರೆ.

ಕೊನೆಗೆ ಮೇಡಂ ಖುದ್ದು ಇಳಿದು ಬರುತ್ತಾರೆ. ಇಲ್ಲಿ ಬೆಳೆಸುವ ವೈರಸ್ಸೇ ಬೇರೆ, ಅಲ್ಲಿ ಸಿಕ್ಕಿದ್ದೇ ಬೇರೆ ಎನ್ನುತ್ತಾರೆ. ಅದು ಕೆರೆಯ ಕಾಡುಬಾತುಕೋಳಿಗಳಲ್ಲಿ ಈ ವರ್ಷ ಸಿಕ್ಕ ವೈರಸ್ಸಿಗೆ ತೀರ ಹತ್ತಿರ. ತಂಗಿಯ ಹಿತ್ತಲಿಗೂ ಕೆರೆಗೂ ನಡುವೆ ಒಂದು ಬೇಲಿಯಷ್ಟೇ ಅಡ್ಡ. ಮೊಟ್ಟೆಯಮ್ಮ ನಂಬುವುದಿಲ್ಲ. ನೂರಕ್ಕೆ ನೂರಾ ಎಂದು ಎರಡೆರಡು ಸಲ ಕೇಳುತ್ತಾರೆ.

"ಬಾತಿನಿಂದ ಯಾವ ದಾರೀಲಿ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳೋಕಾಗಲ್ಲಮ್ಮ," ಎನ್ನುತ್ತಾರೆ ಮೇಡಂ. "ನಿಮ್ಮ ಕನ್ನಡಕದಿಂದ ಹೋಗಿದ್ದಲ್ಲ. ಅದನ್ನ ಮಾತ್ರ ಹೇಳಬಲ್ಲೆ."

ಸಂಜೆ ಮೊಟ್ಟೆಯಮ್ಮ ಬಸ್ಸಿಳಿದು ಊರಂಚಿನ ರಸ್ತೆಯಲ್ಲಿ ಓಡುನಡಿಗೆಯಲ್ಲೇ ಹೋಗುತ್ತಾರೆ. ಅಂಗಳ ಬೆಳ್ಳಗೆ, ಸದ್ದಿಲ್ಲದೆ ಬಿದ್ದಿದೆ. ಕರೆಯುತ್ತಾರೆ. ಬಹಳ ಹೊತ್ತಿನ ಮೇಲೆ ತಂಗಿ ಬಾಗಿಲು ತೆರೆಯುತ್ತಾಳೆ. ಹಣೆಯ ಮೇಲಿನ ಹೊಲಿಗೆಯ ಗುರುತು ಇನ್ನೂ ಕೆಂಪಗಿದೆ. ಅಕ್ಕ ಹೇಳಿದ್ದನ್ನೆಲ್ಲ ಸುಣ್ಣದ ಮೇಲೆ ನಿಂತೇ ಕೇಳುತ್ತಾಳೆ.

"ಬಾತಾ," ಎನ್ನುತ್ತಾಳೆ ಆಮೇಲೆ. "ನೀನಾಗಿದ್ರೆ ಒಂದು ವರ್ಷ ಜಗಳ ಆಡ್ಕೊಂಡಾದ್ರೂ ಇರ್ತಿದ್ದೆ. ಬಾತಿನ ಹತ್ರ ಏನಂತ ಆಡ್ಲಿ?"

ಅಕ್ಕನಿಗೆ ನಗುವೋ ಅಳುವೋ, ಗೇಟು ಹಿಡಿದುಕೊಳ್ಳುತ್ತಾರೆ. ತಂಗಿ ಹತ್ತಿರ ಬರುತ್ತಾಳೆ. ಖಾಲಿ ಗೂಡಿನತ್ತ ಕೈ ತೋರಿಸಿ, ಇನ್ನು ನಿನ್ನ ಐದು ದಿನದ ಲೆಕ್ಕ ಯಾರಿಗೆ, ಈ ಫಲಕ ತೆಗೆದ ದಿನ ಒಳಗೆ ಬಾ ಎನ್ನುತ್ತಾಳೆ. ಹೊಸ ಮರಿ ತರುವುದು ಯಾವಾಗ ಎಂದು ಅಕ್ಕ ಕೇಳುತ್ತಾರೆ. ತರಲೇಬೇಕಲ್ಲ ಎಂಬ ಉತ್ತರ ಬರುತ್ತದೆ.

ವಾಪಸು ಬಸ್ಸಿಗೆ ಕಾಯುತ್ತ ಮೊಟ್ಟೆಯಮ್ಮ ಒಂದು ಕಡೆ ನಿಲ್ಲುವುದಿಲ್ಲ. ನಾಳೆಯಿಂದ ವೈರಸ್ಸಿನ ಕೋಣೆಗೆ ಮತ್ತೆ ಹೋಗಬಹುದು, ಅದರ ಯೋಚನೆ ಒಂದೆಡೆ. ಕೆರೆಯ ಬಾತುಗಳು ಇನ್ನೂ ಎಲ್ಲಿಗೆಲ್ಲ ಹಾರಿ ಹೋಗುತ್ತವೋ ಎಂಬ ಆತಂಕ ಇನ್ನೊಂದೆಡೆ. ಏನಾದರೂ ಆಸೆಯಿದೆಯೇ ಎಂದರೆ ಮಾತ್ರ ಉತ್ತರ ಸಿದ್ಧವಾಗಿದೆ.

"ಅವಳ ಅಡುಗೆಮನೆ ಹೇಗಿದೆ ಅಂತ ನಂಗೆ ಗೊತ್ತಿಲ್ಲ. ಒಂದು ದಿನ ಅಲ್ಲಿ ಕೂತು ಊಟ ಮಾಡ್ಬೇಕು, ಪಾತ್ರೆ ತೊಳೆದು ಕೊಡ್ಬೇಕು. ಮರಿ ತರೋದನ್ನ ಅವಳು ಒಂದು ವಾರ ತಡ ಮಾಡಿದ್ರೆ ಸಾಕು. ಜಾಸ್ತಿ ಬೇಡ, ಅದು ಅವಳ ಹೊಟ್ಟೆಪಾಡು."